ಸಣ್ಣ ಹಳಿ, ದೊಡ್ಡ ಹಳಿ

ರಾತ್ರಿ ಹನ್ನೊಂದರ ಮ್ಯಾಲೆ ಎಸ್‌ಟಿಡಿಗೆ ಕಾಲು ದರ.
ಅದಕ್ಕ ನನ್ನ ಡ್ಯೂಟಿ ಆವಾಗ ಸುರು:
ಧಾರವಾಡದ ಕಾಲೇಜಿನ ಹಿಂದಿನ ಖೋಲಿ, ಚಪ್ಪಲಿ ಹೊರಗ,
ಮೋಡೆಮ್ಮು ಮುಂಬೈಗೆ ಕೂಗತೈತಿ,
ಮುಂಬೈ ಒಮ್ಮೊಮ್ಮೆ ಓ ಅಂತೈತಿ.

ಹತ್ತಿ ಹುಳದ ತಿಗಡಿ ಮೇಡಮ್ಮರದು ಒಂದು ಪತ್ರ,
ಹದಿನಾಲ್ಕು ಸಾಲು, ಕೈರೋಕ್ಕ.
ವಿಳಾಸ ಅದಕ್ಕಿಂತ ಉದ್ದ ಅನಿಸೂವಂಥಾದ್ದು:
ಮುಂಬೈ, ಉದ್ಗಾರ ಚಿಹ್ನೆ,
ಆಮ್‌ಸ್ಟರ್‌ಡ್ಯಾಮು, ಉದ್ಗಾರ ಚಿಹ್ನೆ,
ಊರು ದಾಟಿದಾಗೊಮ್ಮೆ ‘ಅಬಬಾ!’ ಅಂದಂಗ.
ಮುಂದ ಬ್ಯಾರೆ ಜಾಲ, ಬ್ಯಾರೆ ಕಾಯ್ದೆ,
ಒಂದು ಶೇಕಡಾ ಗುರುತು,
ಕಡೀಕ ಬಾಲ ಸುತಗೊಂಡು ಮಲಗಿದ ಒಂದು ‘ಎ’.

ನಮ್ಮಪ್ಪ ಲಾಲಸಾಬ ಮಿರಜ ಶೆಡ್ಡಿನಾಗ ಮುಕಾದಮ.
ಹುಬ್ಬಳ್ಳಿ ಕಡಿಂದ ಬಂದ ಸಣ್ಣ ಹಳಿ ಅಲ್ಲಿ ಮುಗೀತಿತ್ತು,
ಪುಣೆ ಕಡೆ ದೊಡ್ಡ ಹಳಿ.
ನಡಕ ಹದಿನೈದು ಹೆಜ್ಜಿ ಫಲಾಟು, ಮಂದಿಯ ಬೆನ್ನು.
ಗಾಲಿ ದಾಟಂಗಿಲ್ಲ, ಚೀಲ ದಾಟತಾವ.
ನಾ ಮಾಡೂದೂ ಅದನ. ಬೆನ್ನು ಮಾತ್ರ ನೆಟ್ಟಗೈತಿ.

ಒಂಬತ್ತು ದಿನಕ್ಕ ಪತ್ರ ಹೊಳ್ಳಿ ಬಂತು.
ವಿಳಾಸ ಒಂದು ಯಂತ್ರ ಎಡದಿಂದ ಬಿಡಿಸಿತ್ತು,
ಇನ್ನೊಂದು ಬಲದಿಂದ.
ಎರಡೂ ಖರೇನ.
ತಲೀಮ್ಯಾಲೆ ದಾಟಿದ ಊರುಗಳ ಮುದ್ರಿ, ಇಪ್ಪತ್ತೊಂದು ಸಾಲು.
ಅದರ ಕೆಳಗ, ಯಂತ್ರದ್ದಲ್ಲದ ಒಂದು ಮಾತು,
ಫಿನ್ಲೆಂಡಿನ ಯಾವನೋ ರಾತ್ರಿಪಾಳಿಯವಂದು
(ಇಂಗ್ಲಿಷಿನ್ಯಾಗ ಇತ್ತು, ನನಗ ಕೇಳಿಸಿದ್ದು ಹಿಂಗ):
‘ತಪ್ಪಿ ನನ್ನ ಕಡೆ ಬಂದಿತ್ತು. ಒಂದು ಪ್ರತಿ ಕೈರೋ ದಿಕ್ಕಿಗೆ ನೂಕೇನಿ.
ಮುಟ್ಟತೈತೋ ಇಲ್ಲೋ. ಇಲ್ಲಿ ಹಿಮ.
ನಿಮ್ಮಲ್ಲಿ ಹತ್ತಿ ಹೆಂಗೈತಿ?’

ಅಪ್ಪಗ ಹೇಳಿದೆ. ತಾಟಿನಿಂದ ತಲಿ ಎತ್ತಲಿಲ್ಲ.
‘ಮಳ್ಯಾಗ ಚೀಟಿ ತೊಳದು ಹೋದ್ರ ಚೀಲ ಮೂಸತಿದ್ವಿ.
ಸೀನು ಬಂದ್ರ ಬ್ಯಾಡಗಿ ಮೆಣಸಿನಕಾಯಿ, ಮುಂಬೈ ಗಾಡಿಗೆ.
ನಿನ್ನ ಪತ್ರಕ್ಕ ವಾಸನಿ ಐತೇನು?’

ಇಲ್ಲ ಅಂದೆ.

ಮರುದಿನ ರಾತ್ರಿ ಅದನ್ನ ಮತ್ತ ಏರಿಸೂಮುಂದ,
ಮಂದಿ ಪತ್ರ ಓದಬಾರದು,
ಮೊದಲ ಸಲ ಒಳಗ ಇಣುಕಿದೆ:
‘ಗುಲಾಬಿ ಹುಳ ಕಾಯೊಳಗ ಸುರುಳಿ ಸುತ್ತಿ ನಿದ್ದಿ ಹೋಗತೈತಿ.
ನಿಮ್ಮಲ್ಲಿ ಎಷ್ಟು ತಿಂಗಳು?
ಏನು ತಾಗಿದ್ರ ಎಚ್ಚರಾಗತೈತಿ?’

ಓದಿ ಸುಮ್ಮನ ಕುಂತೆ.
ಆಮ್ಯಾಲೆ ಡಯಲ್ ಮಾಡಿದೆ.
ಎಂಗೇಜು.