ಸಾಕ್ಷಿ ನಂಬರ ನಾಕು

ಸೇಡಂ ಪುರಸಭೆ ಹಾಲಿನ್ಯಾಗ ಒಂದು ತಗಡಿನ ಡಬ್ಬಿ.
ಸರ್ಕಾರಿ ವಕೀಲರ ಆಫೀಸು ಇಲ್ಲೇ ಇರಬೇಕೋ
ಕಲಬುರಗಿಗೆ ಹೋಗಿ ದೊಡ್ಡದರಾಗ ಕೂಡಬೇಕೋ,
ಮಂದಿ ಚೀಟಿ ಮ್ಯಾಲ ಗುರುತು ಹಾಕಬೇಕಂತ.
'ಇದು ಬರೇ ಅಭಿಪ್ರಾಯ, ಮ್ಯಾಲ ಕಳಸ್ತೀವಿ' ಅಂದ ಗುಮಾಸ್ತ.
ಮೂರು ಸಲ ಅಂದ,
ಮೂರೂ ಸಲ ಫ್ಯಾನ್ ಕಡೆ ನೋಡಿದ.

ನನಗ ಆ ಆಫೀಸು ಗೊತ್ತು.
ಕೋರ್ಟಿನ ಹಿಂದ ಎರಡು ಖೋಲಿ, ನೆಲಕ್ಕ ನಮ್ಮೂರ ಫರ್ಸಿ.
ಅದನ್ನ ಪಾಲಿಶ್ ಮಾಡಿದಾಂವ ನಮ್ಮಣ್ಣ,
ಬಲಗೈ ನೆಟ್ಟಗಿದ್ದಾಗ.
ಗ್ವಾಡಿ ತುಂಬ ಕೆಂಪು ಬಸ್ತಾ. ಖಾಜಾಮಿಯಾ ಗಂಟು ಬಿಚ್ಚಿದ್ರ
ನಮ್ಮ ಮನಿ ಮುಂದಿನ ನಾಲಿ, ಆ ಸಂಜಿ, ಆ ಸಬ್ಬಲು
ಹಂಗೇ ಹೊರಗ ಬರ್ತಾವ, ಧೂಳು ಕೊಡವಿಕೊಂಡು.

ಹಾಳಿ ಮ್ಯಾಲ ಬರದದ್ದು: ಸರ್ಕಾರ ವಿರುದ್ಧ ರೇವಪ್ಪ.
ಹೊಡತ ತಿಂದಾಂವ ಅಣ್ಣ, ನೋಡಿದಾಕಿ ನಾನು,
ಜಗಳ ಮಾತ್ರ ಸರ್ಕಾರದ್ದು.
ಅಲ್ಲಿ ನಾನು ನಾಗೂಬಾಯಿ ಅಲ್ಲ, ಸಾಕ್ಷಿ ನಂಬರ ನಾಕು.
ಆರು ವರ್ಷಕ್ಕ ಮೂರು ಮಂದಿ ವಕೀಲರು ಬದಲಿ ಆದ್ರು,
ಒಬ್ಬೊಬ್ಬರಿಗೂ ಮೊದಲಿಂದ ಹೇಳಿದೆ.
ಸುಲೋಚನಾ ಮೇಡಂ ಒಬ್ಬಾಕಿ ಕೇಳಿದಳು,
'ಅಣ್ಣಗ ಈಗ ಕೈಲೆ ಉಣ್ಲಾಕ ಬರ್ತದ?'
ಯಾವ ಹಾಳಿ ಮ್ಯಾಲೂ ಇರಲಾರದ ಸವಾಲು.
ಆಕಿನೂ ಹೋದಳು, ಹುಮನಾಬಾದಕ್ಕೋ ಎಲ್ಲಿಗೋ.

ಕಲಬುರಗಿ ದೂರಲ್ಲ ಅಂತಾರ. ಹೌದು, ದೂರಲ್ಲ.
ಒಬ್ಬರು ರಜಾ ಹಾಕಿದ್ರ ಇನ್ನೊಬ್ಬರು ಇರ್ತಾರ, ಅದೂ ಖರೆ.
ಹೋದ ವರ್ಷ ಇಲ್ಲಿ ಜಡ್ಜ್ ಇರಲಾರದಾಗ
ಎರಡು ತಾರೀಖು ಅಲ್ಲೇ ನಡೆದ್ವು.
ಒಂಬತ್ತರ ಬಸ್ಸು. ಅದರಾಗ ರೇವಪ್ಪನೂ.
ಮಳಖೇಡದಾಗ ಕಾಗಿಣಾ ಸೇತುವೆ ಮ್ಯಾಲ ಹತ್ತಿ
ಎರಡು ತಾಸು ನಿಂತಲ್ಲೇ ಕುಂತಿವಿ,
ಆರೋಪಿ ಮುಂದ, ಸಾಕ್ಷಿ ಹಿಂದ,
ನಡುವ ಯಾರದೋ ಕೋಳಿ ಬುಟ್ಟಿ.
ಅಂವ ಹೊಳ್ಳಿ ನೋಡಲಿಲ್ಲ.
ಶೇಂಗಾ ಪುಡಿಕಿ ಮಾತ್ರ ಹಿಂದಕ್ಕ ಚಾಚಿದ,
ಯಾರಿಗಂತ ಗೊತ್ತಾಗಲಿಲ್ಲ. ಯಾರೂ ತಗೊಳ್ಳಲಿಲ್ಲ.

ಇವತ್ತು ಸಾಲಿನ್ಯಾಗೂ ಇದ್ದ, ನನಗಿಂತ ಹನ್ನೊಂದು ಮಂದಿ ಮುಂದ.
ಹೌದಲ್ಲ, ಅಂವಗೂ ಒಂದು ಚೀಟಿ.
ತನ್ನ ಮ್ಯಾಲ ವಾದ ಮಾಡೋರು ಎಲ್ಲಿ ಕೂಡಬೇಕಂತ
ಅಂವನೂ ಹೇಳಬಹುದು.
ನನಗ ಸಿಟ್ಟು ಬಂತು, ಆಮ್ಯಾಲ ನಗು.
'ಇಲ್ಲೇ' ಮ್ಯಾಲ ಹಾಳಿ ಹರಿಯೋ ಹಂಗ ಒತ್ತಿ ಬಂದೆ.

ಸಂಜಿಕ ಎಣಿಸಿದ್ರು. ಇಲ್ಲೇ: ಮುನ್ನೂರಾ ಹತ್ತು.
ಅಲ್ಲಿ: ಇನ್ನೂರಾ ಎಂಬತ್ತೇಳು. ಕೆಟ್ಟದ್ದು ಒಂದು.
ಕೆಟ್ಟದ್ದನ್ನ ಗುಮಾಸ್ತ ಎತ್ತಿ ಓದಿದ, ಮಂದೀನ ನಗಸ್ಲಾಕ:
'ಗುರುತೇ ಇಲ್ಲ ನೋಡ್ರಿ. ಬರೇ ಒಂದು ನಂಬರು.
ಸಿ.ಸಿ. ಇನ್ನೂರಾ ಹದಿನಾಕು, ಮುಗಿಯೋದು ಯಾವಾಗ?'
ಎಲ್ಲರೂ ನಕ್ಕರು.
ಖಾಜಾಮಿಯಾ ನನ್ನ ಕಡೆ ನೋಡಿದ.
ತಲಿ ಅಲ್ಲಾಡಿಸಿದೆ, ನನ್ನದಲ್ಲ.

ಆ ನಂಬರು ಬಾಯಿಪಾಠ ಇದ್ದೋರು ಈ ಊರಾಗ ಎಷ್ಟು ಮಂದಿ?
ಅಣ್ಣಗ ಬರೀಲಾಕ ಬರಂಗಿಲ್ಲ ಈಗ.
ಬಾಗಿಲ ಹತ್ರ ರೇವಪ್ಪ ಚಪ್ಪಲಿ ಹುಡುಕ್ತಿದ್ದ.
ಬಗ್ಗಿದಾಂವ
ಭಾಳ ಹೊತ್ತು ಏಳಲೇ ಇಲ್ಲ.