ಬೆನ್ನ ಸೀಳು

ಮಾರ್ಚ್ ಕೊನೆಯ ವಾರ, ಯಲಚೇನಹಳ್ಳಿ.
ಹಿತ್ತಲೆಂದರೆ ಎಷ್ಟು, ಒಂಬತ್ತಡಿಗೆ ಹನ್ನೆರಡು:
ಬಟ್ಟೆ ಒಗೆಯುವ ಕಲ್ಲು, ನೀಲಿ ಡ್ರಮ್ಮು,
ಕಾಂಪೌಂಡಿಗೆ ಭುಜ ಕೊಟ್ಟು ನಿಂತ ಒಂದು ಹೊಂಗೆ.

‘ತಾತಾ, ಕಿವಿ ಹರಿದೋಗ್ತಿದೆ’
ಎರಡೂ ಕಿವಿ ಮುಚ್ಚಿಕೊಂಡು ಮೇಲ್ಮನೆಯ ಫಿರ್ದೋಸ್.
ಅವಳ ತುಟಿ ನೋಡಿ ತಿಳಿಯಿತು.
ನನಗೆ ಹೊಂಗೆ ಸುಮ್ಮನೆ ಹೊಂಗೆ.

ಮೂವತ್ತೆಂಟು ವರ್ಷ ಪವರ್‌ಲೂಮಿನ ಪಕ್ಕ ನಿಂತವನು.
ಲಾಳಿ ಮೊದಲು ತಿಂದದ್ದು ಸಣ್ಣ ಸದ್ದುಗಳನ್ನು:
ಕಾಲ್ಗೆಜ್ಜೆ, ಗುಬ್ಬಿ, ಕುಕ್ಕರಿನ ಮೊದಲ ಉಸಿರು.
ದಪ್ಪನೆಯವು ಉಳಿದಿವೆ. ಲಾರಿ, ಗುಡುಗು,
ಬನದಮ್ಮನ ಬೈಗುಳದಲ್ಲಿ ಅರ್ಧ.
ಕಿವಿ ಡಾಕ್ಟರು ಗಾಜಿನ ಗೂಡಲ್ಲಿ ಕೂರಿಸಿ
ಗುಂಡಿಯೊಂದು ಕೊಟ್ಟು, ಕೇಳಿಸಿದಾಗ ಒತ್ತಿ ಅಂದರು.
ಹಿಡಿದುಕೊಂಡೇ ಇದ್ದೆ,
ಬಸ್ಸು ಬಾರದ ಸ್ಟಾಪಿನಲ್ಲಿ ಚಿಲ್ಲರೆ ಹಿಡಿದ ಹಾಗೆ.

ಹಾಗಾಗಿ ನಾನು ಜೀರುಂಡೆಯನ್ನು ನೋಡಿದ್ದೇನೆ.
ಕೇಳುವವರು ಯಾರೂ ನೋಡುವುದಿಲ್ಲ.

ಮಾವಿನ ಮಳೆ ಬಿದ್ದ ರಾತ್ರಿ
ಮರದ ಬುಡದಲ್ಲಿ ಬೆರಳು ಹೋಗುವಷ್ಟು ತೂತುಗಳು.
ಟಾರ್ಚು ಹಿಡಿದು ಒಗೆಯುವ ಕಲ್ಲಿನ ಮೇಲೆ ಕೂತೆ.
ಒಂಬತ್ತೂವರೆಗೆ ಬಂದ ಒಬ್ಬ.
ಮೈಯೆಲ್ಲ ಕೆಸರು, ಮುಂಗಾಲೇ ಗುದ್ದಲಿ, ಗೂನು ಬೆನ್ನು;
ಬಾವಿ ತೋಡಿ ಮೇಲೆ ಬಂದ ಕೂಲಿಯವನಂತೆ
ಒಂದು ಗಳಿಗೆ ನಿಂತ, ಆಮೇಲೆ ಹತ್ತಿದ,
ನನ್ನ ಎದೆಮಟ್ಟಕ್ಕೆ. ಉಗುರೂರಿದ.
ಬೆನ್ನು ಬಿರಿಯಿತು,
ರವಿಕೆಯ ಹೊಲಿಗೆ ಬಿಟ್ಟಷ್ಟು ಸಲೀಸಾಗಿ.
ಒಳಗಿಂದ ಎಳೆ ಹಸಿರು. ಹಿಂದಕ್ಕೆ ಬಾಗಿ, ತಲೆಕೆಳಗೆ ಜೋತು,
ಮತ್ತೆ ಎದ್ದು, ತನ್ನ ಹಳೇ ಮೈಯನ್ನೇ ಹಿಡಿದು ನಿಂತು
ಮುದುಡಿದ ರೆಕ್ಕೆ ಬಿಚ್ಚುತ್ತಾ, ಬಿಚ್ಚುತ್ತಾ
ಹನ್ನೊಂದು ಮುಕ್ಕಾಲಿಗೆ ಅದು ಟಿಶ್ಯೂ ಸೀರೆ.
ನನ್ನ ಮಗ್ಗದಲ್ಲಿ ಅಷ್ಟು ತೆಳು ಎಂದೂ ಬಂದದ್ದಿಲ್ಲ.
ಕಿಟಕಿಯಲ್ಲಿ ಬನದಮ್ಮ ಸೊಳ್ಳೆಯ ವಿಷಯ ಏನೋ ಅಂದಳು.

ನಾನು ಉಂಡದ್ದೂ ಗೂಡಿನ ಅನ್ನವೇ.
ಬಿಸಿನೀರಿಗೆ ಬಿದ್ದ ಗೂಡು.
ಹುಳು ಚಿಟ್ಟೆಯಾಗಿ ಕೊರೆದರೆ ಎಳೆ ತುಂಡು,
ಅದಕ್ಕೇ ಕೊರೆಯಲು ಬಿಡುವುದಿಲ್ಲ.
ಒಂದು ಸೀರೆಗೆ ಎಷ್ಟು ಜೀವ ಅಂತ ಯಾರೂ ಎಣಿಸಲಿಲ್ಲ,
ಗ್ರಾಮಿನಲ್ಲಿ ತೂಗಿದೆವು.
ಬೆಳಿಗ್ಗೆ ಅಂಗೈಯಲ್ಲಿ ಈ ಪೊರೆ:
ಕಣ್ಣಿನ ಗುಳ್ಳೆ ಇದೆ, ಕಾಲಿನ ಮುಳ್ಳಿದೆ, ಒಣಗಿದ ಮಣ್ಣೂ ಇದೆ.
ಒಳಗಿದ್ದವನು ಹೋಗಿದ್ದಾನೆ.
ಹೋಗಿದ್ದಾನೆ.
ಈ ಕೈಗೆ ಇದು ಹೊಸದು.

ಫಿರ್ದೋಸ್ ಪೊರೆಗಳನ್ನು ಫ್ರಾಕಿಗೆ ಸಾಲಾಗಿ ಸಿಕ್ಕಿಸಿ
ಮಿಲಿಟರಿಯವರ ಹಾಗೆ ಎದೆಯುಬ್ಬಿಸಿ ಬಂದಳು.
ಮಿಸ್ ಹೇಳಿದ್ದನ್ನು ನೋಟ್‌ಬುಕ್ಕಲ್ಲಿ ಬರೆದು ತೋರಿಸಿದಳು:
ಹಾಡೋದು ಗಂಡು ಮಾತ್ರ. ಹೊಟ್ಟೆಯಲ್ಲಿ ಡೋಲು ಇದೆ.
ಹೆಣ್ಣು? ಬರೆದೆ ನಾನು.
ಸುಮ್ನಿರತ್ತೆ. ಇಷ್ಟ ಆದ್ರೆ ರೆಕ್ಕೆಯಲ್ಲಿ ಒಂದು ಚಿಟಿಕೆ.
ಬನದಮ್ಮ ಓದಿ ಬಿದ್ದು ಬಿದ್ದು ನಕ್ಕಳು.

ಅವಳೇ, ಫಿರ್ದೋಸೇ, ಒಂದನ್ನು ಹಿಡಿದು
ನನ್ನ ಮುಷ್ಟಿಗೆ ಹಾಕಿ ಮುಚ್ಚಿದಳು.
ಅಯ್ಯೋ, ಒಳಗೆ ಮಗ್ಗ ಶುರುವಾಯಿತು!
ಮೊಣಕೈವರೆಗೆ ಬಂತು.
ನನ್ನ ಹೆಬ್ಬೆರಳು, ಏನನ್ನೋ ಒತ್ತುವಂತೆ, ತಾನಾಗಿ ಮಡಚಿತು.
ಬಿಟ್ಟುಬಿಟ್ಟೆ.
ಹಾರುತ್ತಾ ಮುಖಕ್ಕೆ ಉಚ್ಚೆ ಹೊಯ್ದು ಹೋದ.

ಮೇ ಬಂತು. ಒಗೆಯುವ ಕಲ್ಲಿನ ಮೇಲೆ ಅಂಗಾತ ಬಿದ್ದವರು,
ಇರುವೆಗಳ ಹೆಗಲೇರಿ ಹೊರಟ ರೆಕ್ಕೆಗಳು.
ರೆಂಬೆತುದಿಗಳಲ್ಲಿ ಸಣ್ಣ ಸಣ್ಣ ಸೀಳು,
ಹೆಣ್ಣು ತನ್ನ ಸೂಜಿಯಿಂದ ಬಗೆದು ಮೊಟ್ಟೆ ಇಟ್ಟದ್ದು.
ಒಡೆದ ಮೇಲೆ ಮರಿ ಕೆಳಗೆ ಉದುರುತ್ತದಂತೆ,
ಮಣ್ಣು ಹುಡುಕಿ ಇಳಿಯುತ್ತದಂತೆ,
ಬೇರಿನ ರಸ ಹೀರುತ್ತಾ ಕತ್ತಲಲ್ಲಿ ವರ್ಷಗಟ್ಟಲೆ.

ಓನರ್ ತಿರುಮಲಪ್ಪ ಅರ್ಧ ಲೋಡು ಜಲ್ಲಿ ಸುರಿಸಿದರು,
ಹಿತ್ತಲಿಗೆ ಸಿಮೆಂಟು, ಎರಡು ಬೈಕಿಗೆ ಜಾಗ.
ಬುಡ ಬಿಡಿ ಅಂದೆ. ಎಷ್ಟು? ಅಂತ ಬೆರಳಲ್ಲಿ ಕೇಳಿದರು.
ಸೀರೆ ಅಳೆಯುವ ಕೈ ನನ್ನದು, ಪೂರಾ ಚಾಚಿದೆ.
ಅದರಲ್ಲಿ ಅರ್ಧ ಕೊಟ್ಟರು.

ಮೇಸ್ತ್ರಿ ಹೋದ ಮೇಲೆ
ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದು
ಆ ಮಣ್ಣಿನ ಮೇಲೆ ಹಾಕಿದ್ದೇನೆ.
ಯಾರಾದರೂ ಕೇಳಿದರೆ,
ನನಗೆ ಕೇಳಿಸುವುದಿಲ್ಲ.