ಕೊನೆಯ ಬಸ್ಸಿಗೆ ಮೊದಲು

ಕಾಸರಗೋಡಿನ ಟಾಕೀಸಿನಲ್ಲಿ ಆದಿತ್ಯವಾರ ಆಡಿದ ಇಂಗ್ಲಿಷು ಪಿಚ್ಚರು
ಕುಂಬಳೆಗೆ ಬರುವುದು ಸೋಮವಾರ,
ದೂಮಣ್ಣನ ಬಾಯಲ್ಲಿ,
ಬೀಡಿ ಬ್ರಾಂಚಿನ ಹಂಚಿನ ಮಾಡಿನಡಿ.

ಇಪ್ಪತ್ತೊಂದು ಜನ, ಇಪ್ಪತ್ತೊಂದು ಗೆರಸೆ.
ಪೇಪರು ಓದಿ ಮುಗಿಸಿ ಅವನು ಎದ್ದು ನಿಂತರೆ
ಒಬ್ಬೊಬ್ಬರೂ ಹತ್ತತ್ತು ಬೀಡಿ ಅವನ ಲೆಕ್ಕಕ್ಕೆ ಹಾಕಬೇಕು.
ಅದೇ ಟಿಕೇಟು.
ನಾನು ಶಾಲೆ ಬಿಟ್ಟ ಹುಡುಗ, ಮೂಲೆಯಲ್ಲಿ ಕಟ್ಟು ಕಟ್ಟುತ್ತಿದ್ದೆ,
ಇಪ್ಪತ್ತೈದಕ್ಕೆ ಒಂದು ನೂಲು.

ಆ ಸಲದ್ದು ಕೊಲೆಯ ಕತೆ.
"ದೊಡ್ಡ ಮನೆ. ಒಳಗೇ ಒಂದು ಏಣಿ,
ಏಣಿಯಲ್ಲ ಮಾರಾಯರೇ, ಮೆಟ್ಟಿಲು,
ಹಾವಿನ ಹಾಗೆ ಸುತ್ತಿ ಮೇಲೆ ಹೋಗುವುದು.
ಅಲ್ಲಿಂದ ಅವಳು ಇಳಿಯುತ್ತಾಳೆ.
ಕರಿ ಗವಸು. ಒಂದೇ ಕೈಗೆ."
ಇನ್ನೊಂದೆಲ್ಲಿ ಹೋಯಿತು, ಕೇಳಿದ ಅಂದುಂಞಿ.
"ಅದೇ ಅಲ್ಲವಾ ಕತೆ!"

ಇಂಗ್ಲಿಷಿನಲ್ಲಿ ದೂಮಣ್ಣನಿಗೆ ಗೊತ್ತಿದ್ದದ್ದು ನಾಲ್ಕು ಶಬ್ದ,
ಅದರಲ್ಲಿ ಎರಡು ಬೈಗಳು.
ಉಳಿದದ್ದನ್ನು ಅವರ ಹುಬ್ಬುಗಳಲ್ಲಿ ಓದಿ ಬರುತ್ತಿದ್ದ.
ಗಂಡ ಮುದುಕ, ತಿಂಗಳು ತಿಂಗಳು ಚಿಟ್ಟಿ ಕಟ್ಟಿದ್ದಾನೆ,
ಸತ್ತರೆ ಮಾತ್ರ ಕೈಗೆ ಬರುವ ಚಿಟ್ಟಿ.
ಅವಳು ಸಿಗರೇಟು ಹಚ್ಚಿದಳು, ಎರಡು ದಮ್ಮು ಎಳೆದಳು, ಎಸೆದಳು.
"ಪೂರ್ತಿ ಸೇದಲಿಲ್ಲವಾ?"
ಇಡೀ ಬ್ರಾಂಚಿಗೆ ಅವಳ ಮೇಲೆ ಮೊದಲು ಸಿಟ್ಟು ಬಂದದ್ದು ಆಗ.

ಪಿಸ್ತೂಲು ಸಿಡಿಯಿತು.
ಕತ್ತರಿಗಳು ನಿಂತವು.
ಅಷ್ಟು ಕತ್ತರಿ ಒಟ್ಟಿಗೆ ನಿಂತರೆ
ರೈಲು ಹಳಿಯಾಚೆಯ ಕಡಲು ಕೇಳಿಸುತ್ತದೆ.
ಕಂತ್ರಾಟುದಾರ ಕೆಮ್ಮಿದ. ಮತ್ತೆ ಎಲೆಯ ಸರಬರ.

ಕೋರ್ಟು. ಕಟಕಟೆಯಲ್ಲಿ ಅವಳು.
ಜಡ್ಜು ಕನ್ನಡಕ ತೆಗೆದ,
ಅಲ್ಲಿಗೆ ದೂಮಣ್ಣ ಕೂತುಬಿಟ್ಟ.
ಯಾವಾಗಲೂ ಹಾಗೆಯೇ. ಕೊನೆಯ ಬಸ್ಸು ಒಂಬತ್ತೂವರೆಗೆ,
ಪಿಚ್ಚರು ಬಿಡುವುದು ಹತ್ತಕ್ಕೆ.
ಅವನ ಆಯುಷ್ಯದಲ್ಲಿ ಒಬ್ಬ ಕಳ್ಳನೂ ಸಿಕ್ಕಿಬಿದ್ದದ್ದಿಲ್ಲ.

ಆದ್ದರಿಂದ ತೀರ್ಪು ನಮ್ಮದು, ಕೈ ಎತ್ತಿ.
ಬಿಡಬೇಕು: ಹದಿನಾಲ್ಕು. ನೇಣು: ಐದು.
ಗವಸು ಸಿಗದೆ ತಾನು ಯಾವ ಕಡೆಯೂ ಇಲ್ಲ ಎಂದ ಅಂದುಂಞಿ.

ಮಾಂಕಕ್ಕನೂ ಕೈ ಎತ್ತಲಿಲ್ಲ.
ಗಂಡ ಮುರಕಲ್ಲಿನ ಗುಂಡಿಗೆ ಬಿದ್ದು ಸತ್ತ ವರ್ಷ
ಠಾಣೆಯ ಬೆಂಚಿನಲ್ಲಿ ಅವಳನ್ನು ಎರಡು ದಿನ ಕೂರಿಸಿದ್ದರು.
ಬ್ರಾಂಚಿನಲ್ಲಿ ಆ ಮಾತು ಯಾರೂ ತೆಗೆಯುವುದಿಲ್ಲ.
ಬೀಡಿಯ ಮೂತಿ ಉಗುರಿನಲ್ಲಿ ಮಡಚುತ್ತ ಕೇಳಿದಳು:
"ಅವಳಿಗೆ ಮಗು ಉಂಟಾ?"
ದೂಮಣ್ಣ ತಲೆ ಕೆರೆದ. ಕಾಣಲಿಲ್ಲಪ್ಪ.
"ಇದ್ದರೆ, ಕೋರ್ಟಿನ ದಿನ ಅದು ಯಾರೊಟ್ಟಿಗಿತ್ತು?"

ಅವಳ ಹತ್ತು ಬೀಡಿಯನ್ನು ಮರುದಿನ ಅವನು
ಎಣಿಸಿ ಅವಳ ಗೆರಸೆಗೇ ವಾಪಸು ಹಾಕಿದ್ದು ನಾನು ನೋಡಿದ್ದೇನೆ.

ಬ್ರಾಂಚು ಈಗ ಮೊಬೈಲು ರಿಪೇರಿ ಅಂಗಡಿ.
ಮೊನ್ನೆ ಮೊಮ್ಮಗಳ ಫೋನಿನಲ್ಲಿ ಏನೋ ಹುಡುಕುತ್ತಿದ್ದರೆ
ಆ ಮೆಟ್ಟಿಲು. ಅದೇ ಹಾವು. ಒಂದೇ ಗವಸು.
ನಾವು ಬಿಟ್ಟವಳನ್ನು ಅವರು ಬಿಡಲಿಲ್ಲ.
ಕೋರ್ಟೇ ಇಲ್ಲ ಕತೆಯಲ್ಲಿ;
ಕನ್ನಡಕ ತೆಗೆದವನು ಬ್ಯಾಂಕಿನವ.
ನಗು ಬಂತು, ದೂಮಣ್ಣ ಇದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ.

ಮಗು ಇಲ್ಲ.
ಹಿಂದಕ್ಕೆ ಎಳೆದು ಮತ್ತೆ ನೋಡಿದೆ,
ತೊಟ್ಟಿಲು, ಒಣಹಾಕಿದ ಅಂಗಿ, ಅಳು, ಏನಾದರೊಂದು.
ಪಿಸ್ತೂಲಿಗೆ ಮೊದಲು, ಮೆಟ್ಟಿಲಿನ ಕೆಳಗೆ,
ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು,
ಮಗುಚಿ ಬಿದ್ದ ಮೂರು ಚಕ್ರದ ಸೈಕಲ್ಲು,
ಒಂದು ಚಕ್ರ ಇನ್ನೂ ತಿರುಗುತ್ತ.

ಹೇಳೋಣವೆಂದರೆ ಮಾಂಕಕ್ಕ ಇಲ್ಲ.
ಅಲ್ಲಿಯೇ ಯಾಕೆ ನಿಲ್ಲಿಸಿದ್ದು ಅಜ್ಜ, ಎಂದಳು ಮೊಮ್ಮಗಳು.
ಬಸ್ಸಿಗೆ ಹೊತ್ತಾಯಿತು, ಎಂದೆ.